ನೀರು ತಿಳಿಯಾದರೆ ಸಾಕೇ?

ಬಿ.ಇ. ಸಿವಿಲ್ ಓದುವ ನಮಗೆ ಬಿಒಡಿ, ಸಿಒಡಿ ಎಂಬ ಪದಗಳು ತೀರಾ ಪರಿಚಿತ. ಕೊಳಚೆ ನೀರು ಎಷ್ಟರಮಟ್ಟಿಗೆ ಶುದ್ಧವಾಗಿದೆ ಎಂದು ಹೇಳಲು ನೋಡುವ ಅಳತೆಗಳಿವು. ಆದರೆ ನಾವು ನುಂಗಿದ ಆ್ಯಂಟಿಬಯೋಟಿಕ್ ಮಾತ್ರೆ ಕೊನೆಗೆ ಎಲ್ಲಿಗೆ ಹೋಯಿತು ಎಂಬುದನ್ನು ಇವು ಹೇಳುವುದಿಲ್ಲ.

ಈ ಪ್ರಶ್ನೆ ನನ್ನನ್ನು ಕಾಡಲು ಕಾರಣ ನನ್ನೂರು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಮಾಲೂರು. ರಾಜಧಾನಿ ಬಳಸಿ ಬಿಟ್ಟ ನೀರು ಹರಿಯುವುದು ನಮ್ಮ ಸೀಮೆಯತ್ತಲೇ. ವರ್ತೂರು ಕೆರೆಯ ನೀರು ದಕ್ಷಿಣ ಪಿನಾಕಿನಿ ಸೇರುತ್ತದೆ. ಪಕ್ಕದ ಕೋಲಾರಕ್ಕೆ ಕೆ.ಸಿ. ವ್ಯಾಲಿ ಯೋಜನೆಯಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿತ ನೀರನ್ನು 126 ಕೆರೆಗಳಿಗೆ ತುಂಬಿಸುವುದು ಅದರ ಮೊದಲ ಹಂತದ ಗುರಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು.

ಅಮಾಕ್ಸಿಸಿಲಿನ್‌ನಂಥ ಔಷಧದ ಅರ್ಧಕ್ಕಿಂತ ಹೆಚ್ಚು ಭಾಗ ಮೂತ್ರದಲ್ಲಿ ಹಾಗೆಯೇ ಹೊರಬರುತ್ತದೆ. ಮನೆ, ಆಸ್ಪತ್ರೆಗಳಿಂದ ಹೊರಟ ಇಂಥ ಔಷಧದ ಅಂಶ ಮತ್ತು ಬ್ಯಾಕ್ಟೀರಿಯಾಗಳೆಲ್ಲ ಚರಂಡಿಯಲ್ಲಿ ಒಟ್ಟಾಗುತ್ತವೆ. ಸಂಸ್ಕರಣಾ ಘಟಕದಲ್ಲಿ ಕೊಳೆಯನ್ನು ತಿಂದು ನೀರನ್ನು ತಿಳಿಗೊಳಿಸುವುದೂ ಬ್ಯಾಕ್ಟೀರಿಯಾಗಳೇ. ಅಲ್ಲಿ ಅವು ಕಿಕ್ಕಿರಿದಿರುತ್ತವೆ. ಔಷಧಕ್ಕೆ ಬಗ್ಗದ ಒಂದು ಬ್ಯಾಕ್ಟೀರಿಯಾ ತನ್ನ ಗುಟ್ಟನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಪಕ್ಕದ್ದಕ್ಕೆ ದಾಟಿಸಬಲ್ಲದು. ಪರೀಕ್ಷಾ ಹಾಲ್‌ನಲ್ಲಿ ಚೀಟಿ ದಾಟಿಸಿದಂತೆ! ಬಿಒಡಿ ಪರೀಕ್ಷೆಯಲ್ಲಿ ಪಾಸಾದ ನೀರಿನಲ್ಲೂ ಈ ಚೀಟಿಗಳು ಉಳಿದಿರಬಹುದು.

ಇದು ಬರೀ ಊಹೆಯಲ್ಲ. ದೆಹಲಿಯಲ್ಲಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ರಸ್ತೆ ಬದಿಯಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50ರ ಪೈಕಿ 2ರಲ್ಲಿ ಎನ್‌ಡಿಎಂ-1 ಎಂಬ ವಂಶವಾಹಿ ಸಿಕ್ಕಿತ್ತು. ವೈದ್ಯರು ಕೊನೆಯ ಅಸ್ತ್ರವೆಂದು ಉಳಿಸಿಕೊಂಡಿರುವ ಔಷಧಗಳನ್ನೂ ಸೋಲಿಸುವ ವಂಶವಾಹಿ ಅದು. ಔಷಧ ನಾಟದಿದ್ದರೆ ಸಣ್ಣ ಗಾಯ, ಮೂತ್ರದ ಸೋಂಕು, ಸಿಸೇರಿಯನ್ ಹೆರಿಗೆಯೂ ಜೀವಕ್ಕೆ ಕುತ್ತು ತರಬಹುದು. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ಇಂಥ ಔಷಧ ನಿರೋಧಕತೆಯೇ ನೇರ ಕಾರಣ ಎಂಬುದು ತಜ್ಞರ ಅಂದಾಜು.

ಹಾಗೆಂದು ಈ ನೀರು ಬೇಡ ಎನ್ನಲಾಗದು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ದೂಳು ಕಂಡ ರೈತರಿಗೆ ತುಂಬಿದ ಕೆರೆಯ ಬೆಲೆ ಗೊತ್ತು. ನಾನು ಕೇಳುವುದು ಇಷ್ಟೇ: ಬಿಒಡಿ ಜತೆಗೆ ಈ ವಂಶವಾಹಿಗಳನ್ನೂ ನಿಯಮಿತವಾಗಿ ಅಳೆಯಲಿ, ಫಲಿತಾಂಶ ಗ್ರಾಮ ಪಂಚಾಯಿತಿಗಳ ಕೈಗೆ ಸಿಗಲಿ. ಅಗತ್ಯ ಕಂಡಲ್ಲಿ ಮೂರನೇ ಹಂತದ ಸಂಸ್ಕರಣೆ ಆಗಲಿ. ಇದೇನೂ ಆಗದ ಕೆಲಸವಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆ ನೀರಿನಲ್ಲೇ ವೈರಸ್‌ನ ಜಾಡು ಹಿಡಿದಿದ್ದರು. ಆ ಅನುಭವ ನಮ್ಮಲ್ಲೇ ಇದೆ.

ನಮ್ಮ ಪಾಲಿನ ಕೆಲಸವೂ ಇದೆ. ನೆಗಡಿ ಬಂತೆಂದು ಮೆಡಿಕಲ್ ಶಾಪ್‌ಗೆ ಹೋಗಿ ನಾವೇ ಆ್ಯಂಟಿಬಯೋಟಿಕ್ ಕೇಳುವುದು ಬೇಡ. ನೆಗಡಿ ವೈರಸ್‌ನಿಂದ ಬರುವಂಥದ್ದು, ಅದಕ್ಕೆ ಈ ಮಾತ್ರೆ ನಾಟದು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಕಂಡರೆ ವೈದ್ಯರ ಚೀಟಿ ಬೇಕೆಂದೇ ಅರ್ಥ. ಉಳಿದ ಮಾತ್ರೆಗಳನ್ನು ಟಾಯ್ಲೆಟ್‌ಗೆ ಹಾಕಿ ನೀರು ಬಿಡಬೇಡಿ. ಆ ನೀರನ್ನು ನಂಬಿ ಸೊಪ್ಪು, ತರಕಾರಿ ಬೆಳೆಯುವವರು ನಮ್ಮ ಕಡೆ ಇದ್ದಾರೆ. ಅದನ್ನು ಕೊಂಡು ತಿನ್ನುವವರು ಬೆಂಗಳೂರಿನಲ್ಲೇ ಇದ್ದಾರೆ.