ಗ್ರೀನ್ ಕಾರ್ಡಿನ ಸರದಿಯೂ ಇಪ್ಪತ್ತೊಂದರ ಗಡಿಯೂ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳು ಇಂದು ಮುಂಬಯಿಯಲ್ಲಿ ವಿರಳವೇನಲ್ಲ. "ಅರ್ಜಿ ಮಂಜೂರಾಗಿದೆ, ಆದರೆ ಕಾರ್ಡ್ ಬಂದಿಲ್ಲ" ಎಂಬ ಅವರ ಮಾತು ಇಲ್ಲಿರುವ ಹಿರಿಯರಿಗೆ ಒಗಟಾಗಿಯೇ ಉಳಿದಿದೆ. ಆ ಒಗಟನ್ನು ಬಿಡಿಸುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇವೆ.

ಉದ್ಯೋಗದ ಆಧಾರದಲ್ಲಿ ಅಮೆರಿಕವು ವರ್ಷಕ್ಕೆ ನೀಡುವ ವಲಸೆ ವೀಸಾಗಳು ಸುಮಾರು 1,40,000. ಇದು 1990ರ ಕಾಯಿದೆ ಗೊತ್ತುಪಡಿಸಿದ ಸಂಖ್ಯೆ. ಅರ್ಜಿದಾರರ ಸಂಗಾತಿಯೂ ಮಕ್ಕಳೂ ಇದರೊಳಗೇ ಎಣಿಕೆಯಾಗುತ್ತಾರೆ. ಮೇಲಾಗಿ, ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿಯಿದೆ. ಅನ್ಯರು ಬಳಸದೆ ಉಳಿದದ್ದು ಮಾತ್ರ ಅದಕ್ಕಿಂತ ಹೆಚ್ಚಾಗಿ ದೊರೆಯಬಹುದು. ಭಾರತಕ್ಕೂ ಐಸ್‌ಲ್ಯಾಂಡಿಗೂ ಒಂದೇ ಅಳತೆ! ಇಲ್ಲಿ ಪರಿಗಣನೆಗೆ ಬರುವುದು ಪೌರತ್ವವಲ್ಲ, ಜನ್ಮಸ್ಥಳ. ಆದ್ದರಿಂದ ದಂಪತಿಗಳಲ್ಲಿ ಒಬ್ಬರು ದುಬೈಯಲ್ಲೋ ಮಸ್ಕತ್‌ನಲ್ಲೋ ಹುಟ್ಟಿದ್ದರೆ, ಇಬ್ಬರೂ ಆ ದೇಶದ ಚಿಕ್ಕ ಸರದಿಗೆ ಸೇರಬಹುದು. ಅನೇಕರು ಇದನ್ನು ಗಮನಿಸುವುದೇ ಇಲ್ಲ.

ಅರ್ಜಿಯ ಮೊದಲ ಹಂತ ದಾಖಲಾದ ದಿನವೇ ಸರದಿಯ ದಿನಾಂಕ. ಯಾವ ದಿನಾಂಕದವರೆಗಿನವರ ಸರದಿ ಬಂದಿದೆ ಎಂಬುದನ್ನು ಅಲ್ಲಿನ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ 'ವೀಸಾ ಬುಲೆಟಿನ್'ನಲ್ಲಿ ಪ್ರಕಟಿಸುತ್ತದೆ. 2025ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಭಾರತೀಯರ ಎರಡನೆಯ ವರ್ಗದ ಅಂತಿಮ ದಿನಾಂಕ 2013ರ ಏಪ್ರಿಲ್‌ನಲ್ಲಿತ್ತು. ನಮ್ಮ ಬ್ಯಾಂಕುಗಳಲ್ಲಿ ಒಮ್ಮೆ ಕರೆದ ಟೋಕನ್ ಸಂಖ್ಯೆ ಹಿಂದಕ್ಕೆ ಸರಿಯುವುದಿಲ್ಲ, ಅಲ್ಲಿ ಸರಿಯುತ್ತದೆ. 2007ರ ಜುಲೈಗೆ ಬಹುತೇಕ ಎಲ್ಲ ವರ್ಗಗಳನ್ನೂ ತೆರೆದು, ಜುಲೈ 2ರಂದು ಮುಚ್ಚಿ, ಜುಲೈ 17ರಂದು ಮತ್ತೆ ತೆರೆದು ಆಗಸ್ಟ್ 17ರವರೆಗೆ ಅರ್ಜಿ ಸ್ವೀಕರಿಸಿದ ಪ್ರಸಂಗವನ್ನು ಹಳಬರು ಮರೆತಿಲ್ಲ.

ಈ ವಿಳಂಬದ ನಿಜವಾದ ಪೆಟ್ಟು ಮಕ್ಕಳ ಮೇಲೆ. ತಂದೆತಾಯಿಯ ಅರ್ಜಿಯಲ್ಲಿ ಮಕ್ಕಳಿಗೆ ಸ್ಥಾನವಿರುವುದು 21 ವರ್ಷ ತುಂಬುವವರೆಗೆ ಮಾತ್ರ. ಆ ಬಳಿಕ ವಿದ್ಯಾರ್ಥಿ ವೀಸಾ ಇತ್ಯಾದಿ ಬೇರೆ ದಾರಿ ಹುಡುಕಬೇಕು, ಇಲ್ಲವೇ ತಾವು ಬೆಳೆದ ಊರನ್ನೇ ಬಿಡಬೇಕು. 2002ರ ಕಾಯಿದೆಯೊಂದು ತುಸು ರಕ್ಷಣೆ ನೀಡಿದೆ: ಉದ್ಯೋಗದಾತರ ವಲಸೆ ಅರ್ಜಿ ಪರಿಶೀಲನೆಯಲ್ಲಿದ್ದ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯಲಾಗುತ್ತದೆ. ಸರದಿ ಬಂದಾಗ ವಯಸ್ಸು 21 ವರ್ಷ 3 ತಿಂಗಳು, ಪರಿಶೀಲನೆಗೆ ತಗಲಿದ್ದು 5 ತಿಂಗಳು ಎಂದಾದರೆ ಲೆಕ್ಕದ ವಯಸ್ಸು 20 ವರ್ಷ 10 ತಿಂಗಳು; ಮಗು ಪಾರಾಯಿತು. ಆದರೆ ಒಂದು ವರ್ಷದೊಳಗೆ ಕಾರ್ಡಿಗಾಗಿ ಕ್ರಮ ಕೈಗೊಳ್ಳಬೇಕು.

ಸರದಿ 'ಬಂದದ್ದು' ಯಾವಾಗ ಎಂಬುದೇ ಈಗಿನ ತೊಡಕು. ಬುಲೆಟಿನ್‌ನಲ್ಲಿ ಎರಡು ಪಟ್ಟಿಗಳಿವೆ: ಅರ್ಜಿ ಸಲ್ಲಿಸಬಹುದಾದ ದಿನಾಂಕದ್ದು ಒಂದು, ಕಾರ್ಡ್ ನೀಡುವ ಅಂತಿಮ ದಿನಾಂಕದ್ದು ಇನ್ನೊಂದು. ಸಾಮಾನ್ಯವಾಗಿ ಮೊದಲನೆಯದು ಮುಂದಿರುತ್ತದೆ. 2023ರ ಫೆಬ್ರವರಿಯಲ್ಲಿ ಅಮೆರಿಕದೊಳಗಿನ ಅರ್ಜಿದಾರರಿಗೆ ಮೊದಲ ಪಟ್ಟಿಯಂತೆ ವಯಸ್ಸು ಎಣಿಸಲು ಅವಕಾಶವಾಯಿತು. 2025ರ ಆಗಸ್ಟ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ ಮತ್ತೆ ಎರಡನೆಯ ಪಟ್ಟಿಯೇ ಆಧಾರ. ಅದಕ್ಕೆ ಮೊದಲೇ ಸಲ್ಲಿಸಿದವರಿಗೆ ಹಳೆಯ ಲೆಕ್ಕ. ಹತ್ತೊಂಬತ್ತು ಇಪ್ಪತ್ತರ ಮಕ್ಕಳಿರುವವರು ವಕೀಲರಿಂದ ಈ ಎಣಿಕೆಯನ್ನು ಲಿಖಿತವಾಗಿ ಪಡೆಯುವುದು ಲೇಸು.

ಇಲ್ಲಿರುವ ನಮಗೂ ಒಂದು ಕೆಲಸವಿದೆ. ಸರದಿ ತೆರೆದಾಗ ಮೊದಲು ಬೇಕಾಗುವುದು ಜನನ ಪ್ರಮಾಣಪತ್ರ. ನಮ್ಮಲ್ಲಿ ಹಲವರ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಊರಿನ ಹೆಸರು ಒಂದೆಡೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು. ಜನನ ನೋಂದಣಿಯೇ ಆಗಿಲ್ಲದಿದ್ದರೆ ನೋಂದಣಿ ಕಚೇರಿಯಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ಪಡೆದು, ಆ ಜನನವನ್ನು ನೇರವಾಗಿ ಬಲ್ಲ ಹಿರಿಯರ ಅಫಿಡವಿಟ್ ಜೊತೆಗಿಡಬೇಕಾಗುತ್ತದೆ. ಅಂಥ ಹಿರಿಯರು ನಮ್ಮೊಡನೆ ಇರುವಾಗಲೇ ಸಹಿ ಮಾಡಿಸಿಟ್ಟುಕೊಳ್ಳಬೇಕು.