ಗೇರ್‌ಬಾಕ್ಸಿನ ಸದ್ದು ಏನು ಹೇಳುತ್ತದೆ?

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಗೇರ್‌ಬಾಕ್ಸನ್ನು ಕೊಂಡ್ಲಹಳ್ಳಿಯಂಥ ಊರಿನಲ್ಲಿ ಬಿಚ್ಚಿಸುವುದು ಖರ್ಚಿನ ಕೆಲಸ. ಬಿಚ್ಚುವ ಮುನ್ನ ಸದ್ದನ್ನು ಆಲಿಸಿ. ಆಗ ಯಾವ ಭಾಗ ತಿರುಗುತ್ತಿದೆಯೆಂದು ಯೋಚಿಸಿ.

ಮೊದಲು ಎಂಜಿನ್ ಆರಿಸಿ ಗೇರ್ ಎಣ್ಣೆಯ ಮಟ್ಟ ನೋಡಿ. ಎಣ್ಣೆ ತಗ್ಗಿದರೆ ಲೋಹಕ್ಕೆ ಲೋಹ ಉಜ್ಜಿ ಹಲ್ಲುಗಳು ಬೇಗ ಸವೆಯುತ್ತವೆ.

ಬಳಿಕ ಕೈಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ. ಕ್ಲಚ್ ಒತ್ತಿದಾಗ ಎಂಜಿನ್ನಿನ ಸಂಪರ್ಕ ತಪ್ಪಿ ಗೇರ್‌ಬಾಕ್ಸಿನ ದಂಡಗಳು ನಿಲ್ಲುತ್ತವೆ. ಜೊತೆಗೆ ಸದ್ದೂ ನಿಂತರೆ ಅವುಗಳ ಬೇರಿಂಗ್ ಸವೆದಿರಬಹುದು. ಒತ್ತಿದಾಗಲೇ ಸದ್ದು ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನು ಶಂಕಿಸಿ.

ಓಡುವಾಗ ಒಂದೇ ಗೇರಿನಲ್ಲಿ ಸದ್ದಾದರೆ ಆ ಗೇರಿನ ಹಲ್ಲುಗಳನ್ನು ಪರೀಕ್ಷಿಸಿ. ನಾಲ್ಕನೆಯ ಗೇರಿನಲ್ಲಿ ಮಾತ್ರ ಸದ್ದು ತಗ್ಗಿದರೆ ದೋಷ ಲೇಷಾಫ್ಟ್‌ನಲ್ಲಿರಬಹುದು. ಆ ಗೇರಿನಲ್ಲಿ ಶಕ್ತಿ ಲೇಷಾಫ್ಟನ್ನು ಬಳಸದೆ ನೇರವಾಗಿ ಸಾಗುತ್ತದೆ.

ಸವೆದ ಬೇರಿಂಗನ್ನು ಬೇಗ ಬದಲಿಸಿದರೆ ಹಲ್ಲುಗಳು ಉಳಿಯುತ್ತವೆ.