ಗಾಜು ಅಂತ ಬರೆಯಿರಿ

ದೀಪಾವಳಿ ಮುಗಿದ ಮಾರನೆಯ ದಿನ. ಬೆಳಗ್ಗೆ ಏಳು ಗಂಟೆ. ಶಾಲೆಗೆ ಹೋಗಲು ಬೆಂಗಳೂರಿನ ಒಂದು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ರಾತ್ರಿ ಮಳೆ ಬಿದ್ದಿತ್ತು.

ರಸ್ತೆ ತುಂಬ ಪಟಾಕಿ ಕಾಗದ, ಬಾಳೆಕಂದು, ಬಾಡಿದ ಸೇವಂತಿಗೆ. ಅಂಗಡಿಗಳ ಮುಂದೆ ಒಡೆದ ಬೂದುಗುಂಬಳಕಾಯಿ. ಇಬ್ಬರು ಪೌರಕಾರ್ಮಿಕರು ಅದನ್ನೆಲ್ಲ ಗುಡಿಸುತ್ತಿದ್ದರು.

ಗುಡಿಸೋದು ಸುಲಭ ಅಂತ ನಾವು ಅಂದುಕೊಳ್ಳುತ್ತೇವೆ. ನಿಂತು ನೋಡಿದರೆ ಕಷ್ಟ ಗೊತ್ತಾಗುತ್ತದೆ. ಉದ್ದ ಕೋಲಿಗೆ ಕಟ್ಟಿದ ಕಡ್ಡಿ ಪೊರಕೆ ಅವರ ಕೈಯಲ್ಲಿತ್ತು. ಗಾಳಿಗೆ ಎದುರಾಗಿ ಗುಡಿಸಿದರೆ ದೂಳು ಮುಖಕ್ಕೆ ಬರುತ್ತದೆ. ಅದಕ್ಕೇ ಗಾಳಿ ಹೋಗುವ ಕಡೆಗೆ ಗುಡಿಸುತ್ತಿದ್ದರು. ಅಲ್ಲಲ್ಲಿ ಗುಡ್ಡೆ ಮಾಡಿ ತಳ್ಳುಗಾಡಿಗೆ ತುಂಬುತ್ತಿದ್ದರು. ಒದ್ದೆ ಕಾಗದ ನೆಲಕ್ಕೆ ಅಂಟಿತ್ತು. ಪೊರಕೆಗೆ ಬರಲಿಲ್ಲ. ಬಗ್ಗಿ ಕೈಯಲ್ಲೇ ಕಿತ್ತರು.

ಒಬ್ಬರ ಬೆರಳಿಗೆ ಬಟ್ಟೆ ಸುತ್ತಿತ್ತು.

“ಏನಾಯ್ತು ಅಕ್ಕಾ?” ಎಂದೆ.

“ಕವರಿನಲ್ಲಿ ಒಡೆದ ಗಾಜು ಇತ್ತು ಮೇಡಂ. ಗ್ಲೌಸ್ ಹಾಕಿದ್ರೂ ಕುಯ್ದುಬಿಡ್ತು.”

“ಇವತ್ತು ರಜ ಹಾಕಬಾರದಿತ್ತಾ?”

“ಹಬ್ಬದ ಕಸ ಹಾಗೇ ಬಿಡೋಕಾಗುತ್ತಾ? ಯಾರಾದ್ರೂ ಜಾರಿ ಬೀಳ್ತಾರೆ.”

ಅವರ ಮಾತು ನಿಜ. ಕುಂಬಳಕಾಯಿ ಹೋಳಿನ ಮೇಲೆ ಚಕ್ರ ಹೋದರೆ ಸ್ಕೂಟರ್ ಜಾರುತ್ತದೆ. ಕಸ ಮೋರಿಗೆ ಸೇರಿದರೆ ಮೋರಿ ಕಟ್ಟಿಕೊಳ್ಳುತ್ತದೆ. ನೀರು ನಿಲ್ಲುತ್ತದೆ. ಸೊಳ್ಳೆ ಹೆಚ್ಚುತ್ತವೆ. ರೋಗ ಬರುತ್ತದೆ. ಬೀದಿ ಗುಡಿಸುವವರು ನಮ್ಮ ಆರೋಗ್ಯವನ್ನೂ ಕಾಯುತ್ತಾರೆ.

ನಾವು ಏನು ಮಾಡಬಹುದು?

1. ಹಸಿ ಕಸ, ಒಣ ಕಸ ಬೇರೆ ಬೇರೆ ಇಡೋಣ. 2016ರಲ್ಲಿ ಕೇಂದ್ರ ಸರ್ಕಾರವೂ ಹೀಗೇ ನಿಯಮ ಮಾಡಿತು. ಹೂವು, ಎಲೆ, ಕುಂಬಳಕಾಯಿ ಹಸಿ ಕಸ. ಇವು ಕೊಳೆತು ಗೊಬ್ಬರ ಆಗುತ್ತವೆ.

2. ಕುಂಬಳಕಾಯಿಯನ್ನು ರಸ್ತೆ ಮಧ್ಯೆ ಒಡೆಯುವುದು ಬೇಡ. ಪೂಜೆ ಆದ ಮೇಲೆ ಹೋಳುಗಳನ್ನು ನಾವೇ ಎತ್ತೋಣ.

3. ಸಿಡಿಯದ ಪಟಾಕಿಯನ್ನು ಹಾಗೇ ಬಿಸಾಡಬಾರದು. ಬಕೆಟ್ ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಕಸಕ್ಕೆ ಬೆಂಕಿ ಹಚ್ಚಲೇಬಾರದು.

4. ಒಡೆದ ಗಾಜು, ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ ಕಟ್ಟಬೇಕು. ಬೇರೆಯಾಗಿ ಕೊಡಬೇಕು. ಕೊಡುವಾಗ ಬಾಯಲ್ಲೂ ಹೇಳಬೇಕು.

ನಮ್ಮ ರಾಜ್ಯದಲ್ಲಿ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸುತ್ತಾರೆ. ಆ ದಿನ ಹಾರ ಹಾಕಿ ಮರ್ಯಾದೆ ಮಾಡುತ್ತಾರೆ. ಒಳ್ಳೆಯದೇ. ಆದರೆ ಉಳಿದ ದಿನ?

ಬಸ್ ಬಂತು. ಹೊರಡುವಾಗ ಕೇಳಿದೆ, “ಅಕ್ಕಾ, ಓದೋಕೆ ಬರುತ್ತಾ?”

“ಅಕ್ಷರ ಕೂಡಿಸಿ ಓದ್ತೀನಿ ಮೇಡಂ.”

ನಮಗೂ ಈಗ ಬರೆಯಲು ಬರುತ್ತದೆ. ಆ ಪೊಟ್ಟಣದ ಮೇಲೆ ‘ಗಾಜು’ ಅಂತ ದೊಡ್ಡದಾಗಿ ಬರೆಯೋಣ. ಎರಡೇ ಅಕ್ಷರ. ಒಬ್ಬರ ಕೈ ಉಳಿಯುತ್ತದೆ.